ಬಾದಾಮಿಯಿಂದ ಇಳಕಲ್‌ವರೆಗೆ: ಮಗ್ಗ ಮತ್ತು ಕಲ್ಲು ನೋಡುವ ಮೂರು ದಿನದ ಪ್ರವಾಸ – ಪದೇ ಪದೇ ಕೇಳುವ ಪ್ರಶ್ನೆಗಳು

ಫೋನ್ ಮಾಡಿದವರು ಮೊದಲು ಕೇಳುವುದು ಒಂದೇ ಮಾತು: "ಅಲ್ಲಿ ಸೀರೆ ಕಡಿಮೆಗೆ ಸಿಗುತ್ತಾ?" ಅದಕ್ಕೂ ಕೆಳಗೆ ಉತ್ತರ ಇದೆ. ಆದರೆ ನೇರ ಅಲ್ಲಿಗೇ ಹಾರಬೇಡಿ. ಮೊದಲು ಉಳಿದದ್ದನ್ನು ಓದಿ, ಆಮೇಲೆ ಆ ಪ್ರಶ್ನೆ ಕೇಳಬೇಕು ಅನ್ನಿಸಿದರೆ ಕೇಳಿ.

ಇದು ಎಂಥ ಪ್ರವಾಸ?

ಎರಡು ರಾತ್ರಿ, ಮೂರು ಹಗಲು. ಬಾಗಲಕೋಟೆ ಜಿಲ್ಲೆ ಬಿಟ್ಟು ಆಚೆ ಹೋಗುವುದಿಲ್ಲ. ನಾವು ನೋಡುವುದು ಕುಸುರಿ ಕೆಲಸ: ಸೀರೆ ಸೆರಗಿನದು, ಖಣದ್ದು, ಕಸೂತಿಯದು, ಗುಡಿಯ ಕಂಬ ಮತ್ತು ಚಾವಣಿಯದು. ಜೊತೆಗೆ ಬರುವವರು ಇಲ್ಲೇ ಹುಟ್ಟಿ ಬೆಳೆದವರು. ರಾಜರ ಪಟ್ಟಿ ಒಪ್ಪಿಸುವ ಗೈಡ್ ಬೇಕಿದ್ದರೆ ನಾವು ಸರಿಹೋಗುವುದಿಲ್ಲ. ಮೂರು ದಿನದಲ್ಲಿ ಹಂಪಿ, ಬಾದಾಮಿ, ಗೋಳಗುಮ್ಮಟ ಎಲ್ಲ ಮುಗಿಸಿಬಿಡೋಣ ಅನ್ನುವವರಿಗೂ ಅಷ್ಟೇ. ಒಂದು ಮಗ್ಗದ ಪಕ್ಕ ಎರಡು ತಾಸು ಸುಮ್ನೆ ಕೂರಬಲ್ಲವರಿಗೆ ಇದು ಇಷ್ಟ ಆಗುತ್ತದೆ.

ದಿನಕ್ಕೆ ಎಲ್ಲೆಲ್ಲಿ?

ಮೊದಲ ದಿನ ಬಾದಾಮಿ ಗುಹೆ, ಅಗಸ್ತ್ಯ ತೀರ್ಥದ ದಂಡೆ, ಸಂಜೆ ಬನಶಂಕರಿ. ರಾತ್ರಿ ಬಾದಾಮಿ ಹತ್ತಿರದ ತೋಟದ ಮನೆ. ಎರಡನೇ ದಿನ ಬೆಳಿಗ್ಗೆ ಗುಳೇದಗುಡ್ಡ, ನಂತರ ಕಮತಗಿ, ಅಮೀನಗಡದ ಮೇಲೆ ಇಳಕಲ್. ರಾತ್ರಿ ಅಲ್ಲೇ ಲಾಡ್ಜಿನಲ್ಲಿ. ಮೂರನೇ ದಿನ ಐಹೊಳೆ, ಪಟ್ಟದಕಲ್ಲು ನೋಡಿ ಸಂಜೆಗೆ ಮತ್ತೆ ಬಾದಾಮಿ. ಮೊದಲ ದಿನ ಶುಕ್ರವಾರ ಬರದ ಹಾಗೆ ನೋಡಿಕೊಳ್ಳುತ್ತೇವೆ, ಬಾದಾಮಿಯ ಮ್ಯೂಸಿಯಂ ಅವತ್ತು ಬಂದ್.

ಬಾದಾಮಿ ಶಾಲೆಯ ಟ್ರಿಪ್ಪಿನಲ್ಲೇ ನೋಡಿದ್ದೇನೆ. ಮತ್ತೆ ಯಾಕೆ?

ಶಾಲೆಯ ಟ್ರಿಪ್ಪಿನಲ್ಲಿ ಹದಿನೆಂಟು ಕೈಯ ನಟರಾಜನನ್ನು ಎಣಿಸಿ, ಮಂಗನಿಗೆ ಬಾಳೆಹಣ್ಣು ಕೊಟ್ಟು, ಕೆಳಗಿಳಿದು ಬಂದಿರುತ್ತೀರಿ. ನಾವೂ ಹಾಗೇ ಬಂದವರು.

ಈ ಸಲ ತಲೆ ಎತ್ತಿ. ಎರಡನೇ ಗುಹೆಯ ಚಾವಣಿಯಲ್ಲಿ ಒಂದು ಚೌಕ, ಅದರೊಳಗೆ ಒಂದು ಚಕ್ರ. ಚಕ್ರಕ್ಕೆ ಅರಗಳಿಲ್ಲ. ಅರಗಳ ಜಾಗದಲ್ಲಿ ಹದಿನಾರು ಮೀನು. ಇವತ್ತು ಯಾರಾದರೂ ಇದನ್ನು ಕಂಪ್ಯೂಟರಿನಲ್ಲಿ ಬಿಡಿಸಿದರೆ ಒಳ್ಳೆ ಡಿಸೈನ್ ಅನ್ನುತ್ತೇವೆ. ಇದು ಕತ್ತು ಮೇಲೆ ಮಾಡಿ ಉಳಿಯಲ್ಲಿ ಕಡಿದದ್ದು. ಮೊದಲ ಗುಹೆಯ ಚಾವಣಿಯಲ್ಲಿ ಸುರುಳಿ ಸುತ್ತಿಕೊಂಡ ನಾಗರಾಜ ಇದ್ದಾನೆ. ಆ ಸುರುಳಿಗಳು ಒಂದರ ಮೇಲೊಂದು ಹೇಗೆ ಕೂತಿವೆ ಅಂತ ಬೆರಳಿನಿಂದ ಗಾಳಿಯಲ್ಲೇ ಬರೆದು ನೋಡಿ, ಎಲ್ಲೋ ಒಂದು ಕಡೆ ದಾರಿ ತಪ್ಪುತ್ತದೆ.

ಮೂರನೇ ಗುಹೆಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇವೆ. ಇದಕ್ಕೆ ತಾರೀಕೇ ಇದೆ: ಚಾಲುಕ್ಯರ ಮಂಗಳೇಶನ ಶಾಸನ, ಕ್ರಿ.ಶ. 578. ಕಂಬದ ಮೇಲ್ತುದಿಯಲ್ಲಿ ಗಂಡಹೆಂಡಿರ ಜೋಡಿಗಳಿವೆ. ಅವರು ಉಟ್ಟ ಬಟ್ಟೆಯ ನೆರಿಗೆ, ಸೊಂಟದ ಪಟ್ಟಿ, ತುರುಬು, ಕಿವಿಯ ಓಲೆ ನೋಡಿ. ಹದಿನಾಲ್ಕು ನೂರು ವರ್ಷದ ಹಿಂದೆ ಈ ಊರಿನವರು ಏನು ತೊಡುತ್ತಿದ್ದರು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಆಲ್ಬಮ್ ಇಲ್ಲ. ಚಾವಣಿಯ ಅಂಚಿನಲ್ಲಿ ಹಳೆಯ ಬಣ್ಣದ ಚಿತ್ರದ ತುಣುಕುಗಳೂ ಉಳಿದಿವೆ. ಬೆಳಕು ಒಳಗೆ ಬರುವ ಹೊತ್ತಿಗೆ ಹೋದರೆ ಮಾತ್ರ ಕಾಣುತ್ತವೆ. ಅದಕ್ಕೇ ನಾವು ಬೆಳಿಗ್ಗೆ ಅವಸರ ಮಾಡುವುದು, ಬೈದುಕೊಳ್ಳಬೇಡಿ.

ಗುಳೇದಗುಡ್ಡದಲ್ಲಿ ಏನಿದೆ?

ಖಣ. ಉತ್ತರ ಕರ್ನಾಟಕದವರಿಗೆ ಇದನ್ನು ಹೇಳಬೇಕಿಲ್ಲ. ಬೆಂಗಳೂರು, ಮೈಸೂರು ಕಡೆಯವರಿಗೆ ಹೇಳುವುದಾದರೆ, ಇದು ಕುಪ್ಪಸ ಹೊಲಿಸುವ ಬಟ್ಟೆ. ಮೈ ತುಂಬ ಸಣ್ಣ ಸಣ್ಣ ಹೂವು, ಎರಡೂ ಕಡೆ ದಡಿ. ಹೊಲಿಯುವಾಗ ಆ ದಡಿ ತೋಳಿನ ಅಂಚಿಗೆ ಬರುವಂತೆ ಕತ್ತರಿಸುತ್ತಾರೆ. ಅಂಗಡಿಯಲ್ಲಿ ಮುಕ್ಕೋನಿಗೆ ಮಡಚಿ ಇಟ್ಟಿರುತ್ತಾರೆ. ಆ ಮಡಿಕೆಯೇ ಒಂದು ಡಿಸೈನ್, ದಡಿ ಮತ್ತು ಹೂವು ಎರಡೂ ಒಂದೇ ನೋಟಕ್ಕೆ ಕಾಣಬೇಕು.

ಹೂವಿಗೆ ಹೆಸರುಗಳಿವೆ. ಆನೆ ಹೆಜ್ಜೆ, ತೇರು, ಹೀಗೆ. ಆನೆ ಹೆಜ್ಜೆಯಲ್ಲಿ ಆನೆ ಹುಡುಕಬೇಡಿ, ಬರೀ ದುಂಡನೆ ಗುರುತು. ಹೆಸರು ಕೇಳಿದ ಮೇಲೆ ಮಾತ್ರ ಹೆಜ್ಜೆ ಕಾಣುತ್ತದೆ.

ಖಣ ಇಲ್ಲಿ ಬರೀ ಬಟ್ಟೆ ಅಲ್ಲ. ಮನೆಗೆ ಬಂದ ಹೆಣ್ಣುಮಗಳಿಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಅಡಿಕೆ ಎಲೆಯ ಜೊತೆ ಖಣ ಇರಲೇಬೇಕು. ಹಾಗಾಗಿ ಇಲ್ಲಿನ ಹೆಣ್ಣುಮಕ್ಕಳ ಟ್ರಂಕಿನಲ್ಲಿ ಹೊಲಿಸದ ಖಣಗಳ ಒಂದು ಗಂಟು ಇದ್ದೇ ಇರುತ್ತದೆ. ನಮ್ಮ ಅವ್ವನ ಟ್ರಂಕಿನಲ್ಲಿ ಯಾವ ಖಣ ಯಾರ ಮದುವೆಯದ್ದು ಅಂತ ಅವಳಿಗೆ ಕಣ್ಣು ಮುಚ್ಚಿ ಹೇಳಲು ಬರುತ್ತಿತ್ತು. ಈಗ ಖಣದ ಸೀರೆ, ಖಣದ ಬ್ಯಾಗು, ಡೈರಿಯ ರಟ್ಟು ಎಲ್ಲ ಬಂದಿವೆ. ಕೆಲವರಿಗೆ ಇದು ಹಿಡಿಸುವುದಿಲ್ಲ. ಮಗ್ಗ ನಡೆಯುತ್ತಿದ್ದರೆ ಆಯಿತು ಅನ್ನುವುದು ನನ್ನ ಲೆಕ್ಕ.

ಗುಳೇದಗುಡ್ಡ ಖಣ, ಇಳಕಲ್ ಸೀರೆ, ಕಸೂತಿ ಮೂರಕ್ಕೂ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ.

ಇಳಕಲ್ ಸೀರೆಯಲ್ಲಿ ಅಂಥ ವಿಶೇಷ ಏನು?

ಸೆರಗು ಮತ್ತು ಮೈ ಕೂಡುವ ಜಾಗ. ಇಡೀ ಪ್ರವಾಸದಲ್ಲಿ ನನ್ನನ್ನು ಕೇಳಿದರೆ ಅದೊಂದನ್ನು ನೋಡಿದರೂ ಸಾಕು.

ಹಾಸುಹೊಕ್ಕು ಅನ್ನುವ ಮಾತು ದಿನಾ ಆಡುತ್ತೇವೆ. ಹಾಸು ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟಿದ ನೂಲು. ಹೊಕ್ಕು ಅಂದರೆ ಲಾಳಿ ಅಡ್ಡಡ್ಡ ತೂರಿಸುವ ನೂಲು. ಸಾಮಾನ್ಯವಾಗಿ ಸೀರೆಗೆ ಒಂದೇ ಹಾಸು, ಆ ತುದಿಯಿಂದ ಈ ತುದಿಗೆ. ಸೆರಗಿನ ಬಣ್ಣ ಬೇರೆ ಬೇಕಿದ್ದರೆ ಹೊಕ್ಕಿನ ನೂಲು ಮಾತ್ರ ಬದಲಿಸುತ್ತಾರೆ. ಆಗ ಮೈಯ ಬಣ್ಣ ಸೆರಗಿನೊಳಗೂ ಇಣುಕುತ್ತದೆ.

ಇಳಕಲ್ಲಿನವರು ಇದಕ್ಕೆ ಒಪ್ಪಲಿಲ್ಲ. ಸೆರಗಿಗೇ ಬೇರೆ ಹಾಸು ಮಾಡಿದರು, ಕೆಂಪು ರೇಷ್ಮೆಯದು. ಅದನ್ನು ಮೈಯ ಹಾಸಿಗೆ ಜೋಡಿಸುತ್ತಾರೆ. ಹೇಗೆ? ಎರಡೂ ಕೈಯ ಬೆರಳನ್ನು ಕೊಕ್ಕೆ ಮಾಡಿ ಒಂದಕ್ಕೊಂದು ಸಿಕ್ಕಿಸಿ ಎಳೆದು ನೋಡಿ. ಹಾಗೆ. ಮೈಯ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆ. ಒಂದಲ್ಲ ಎರಡಲ್ಲ, ಸೀರೆಯ ಪನ್ನದುದ್ದಕ್ಕೂ, ಅಂದರೆ ಅಗಲದುದ್ದಕ್ಕೂ, ಎಷ್ಟು ಎಳೆ ಇವೆಯೋ ಅಷ್ಟು. ಇದಕ್ಕೆ ಟೋಪ ತೆನಿ ಅನ್ನುತ್ತಾರೆ. ಸೆರಗಿನ ಕೆಂಪು ಅಷ್ಟು ಗಟ್ಟಿಯಾಗಿ ಕಾಣುವುದು ಯಾಕೆ ಅಂತ ಆಗ ಗೊತ್ತಾಗುತ್ತದೆ: ಹಾಸೂ ಕೆಂಪು, ಹೊಕ್ಕೂ ಕೆಂಪು. ಹೀಗೆ ಜೋಡಿಸಬೇಕಾದ್ದರಿಂದ ಹಾಸನ್ನು ಒಂದೊಂದು ಸೀರೆಗೂ ಬೇರೆಬೇರೆಯಾಗಿ ಸಿದ್ಧ ಮಾಡಬೇಕು. ಹತ್ತು ಸೀರೆಯ ಹಾಸು ಒಟ್ಟಿಗೆ ಸುತ್ತಿಟ್ಟು ನೇಯುತ್ತಾ ಹೋಗುವ ಸುಖ ಇಲ್ಲಿ ಇಲ್ಲ.

ದಡಿಗೂ ಇಂಥದ್ದೇ ಜಿದ್ದು. ದಡಿಯ ಬಣ್ಣ ಮೈಗೆ ಬೆರೆಯಬಾರದು ಅಂದರೆ ಮೂರು ಲಾಳಿ ಬೇಕು: ಮೈಗೆ ಒಂದು, ಎರಡು ದಡಿಗೆ ಎರಡು. ಅವುಗಳ ನೂಲು ಕೂಡುವಲ್ಲಿ ಒಂದಕ್ಕೊಂದು ಸಿಕ್ಕಿಸುತ್ತಾ ಬರಬೇಕು. ಇದು ಕೊಂಡಿ.

ಸೆರಗನ್ನು ಹರಡಿದರೆ ಮೂರು ಪಟ್ಟೆ ಕೆಂಪು, ಅವುಗಳ ನಡುವೆ ಎರಡು ಪಟ್ಟೆ ಬಿಳಿ. ಬಿಳಿ ಇಳಿದು ಕೆಂಪಿನೊಳಗೆ ಹಲ್ಲು ಊರಿದ ಹಾಗಿರುತ್ತದೆ. ಹಲ್ಲಿನ ಆಕಾರ ನೋಡಿ ಹೆಸರಿಟ್ಟಿದ್ದಾರೆ: ಬಾಚುವ ಹಣಿಗೆಯ ಹಾಗಿದ್ದದ್ದು, ಕೋಟೆಯ ತೆನೆಯ ಹಾಗಿದ್ದದ್ದು, ಜೋಳದ ತೆನೆಯ ಹಾಗಿದ್ದದ್ದು, ಗುಡ್ಡದ ಸಾಲಿನ ಹಾಗಿದ್ದದ್ದು. ಬಾದಾಮಿ ಕೋಟೆ ನೋಡಿ, ಜೋಳದ ಹೊಲದ ನಡುವೆ ಕಾರಿನಲ್ಲಿ ಬಂದು, ಆಮೇಲೆ ಈ ಸೆರಗು ನೋಡಿದರೆ ಹೆಸರುಗಳು ಎಲ್ಲಿಂದ ಬಂದವು ಅಂತ ಯಾರೂ ವಿವರಿಸಬೇಕಿಲ್ಲ. ದಡಿಯಲ್ಲೂ ಗೋಮಿ, ಪರಸಪೇಟ, ಗಾಡಿ ಅಂತ ಜಾತಿಗಳಿವೆ. ಬಣ್ಣದಲ್ಲಿ ದಾಳಿಂಬೆ ಕೆಂಪು, ಗಿಳಿ ಹಸಿರು, ನವಿಲಿನ ಬಣ್ಣ ಹಳೆಯವು. ಮದುವೆ ಹೆಣ್ಣಿಗೆ ಗಿರಿ ಕುಂಕುಮ.

ಕೈಮಗ್ಗದ್ದೋ ಪವರ್‌ಲೂಮಿನದೋ ಅಂತ ಗುರುತಿಸುವುದು ಹೇಗೆ?

ಸೀರೆ ತಿರುವಿ ಹಾಕಿ. ಸೆರಗು ಶುರುವಾಗುವ ಗೆರೆಯ ಮೇಲೆ ಹೆಬ್ಬೆರಳು ಆಡಿಸಿ. ಕುಣಿಕೆ ಹಾಕಿ ಜೋಡಿಸಿದ್ದರೆ ಸಣ್ಣ ದಿಂಡಿನ ಹಾಗೆ ಬೆರಳಿಗೆ ತಾಗುತ್ತದೆ. ನುಣ್ಣಗೆ ಜಾರಿತೋ, ಟೋಪ ತೆನಿ ಅಲ್ಲ. ಸೆರಗಿನ ಕೆಂಪಿನಲ್ಲಿ ಮೈಯ ಬಣ್ಣದ ಎಳೆ ಕಂಡರೂ ಅಲ್ಲ.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಈ ಕೆಲಸ ಶುರು ಮಾಡುವ ಮೊದಲು ಒಂದು ಪೇಟೆ ಅಂಗಡಿಯಲ್ಲಿ ಅಕ್ಕನ ಮಗಳಿಗೆ ಅಂತ "ಅಸಲಿ ಕೈಮಗ್ಗ" ಸೀರೆ ತಂದೆ. ಮನೆಗೆ ಬಂದ ನೇಕಾರ ಕಾಕಾ ಒಬ್ಬರು ಸೆರಗು ಮುಟ್ಟಿದರು, ಏನೂ ಹೇಳಲಿಲ್ಲ. ಚಹಾ ಕುಡಿದು ಹೊರಡುವಾಗ, "ಬಣ್ಣ ಚಲೋ ಐತಿ ಬಿಡ್ರಿ" ಅಂದರು. ಅಷ್ಟರಲ್ಲೇ ಎಲ್ಲ ಅರ್ಥ ಆಯಿತು.

ಪವರ್‌ಲೂಮ್ ಸೀರೆ ಕೆಟ್ಟದ್ದು ಅಂತ ಅಲ್ಲ. ದಿನಾ ಉಡಲು ಅದೇ ಅನುಕೂಲ ಅನ್ನುವವರು ನಮ್ಮ ಮನೆಯಲ್ಲೇ ಇದ್ದಾರೆ. ಪವರ್‌ಲೂಮ್ ಅಂತ ಹೇಳಿ ಮಾರಲಿ, ಅಷ್ಟೇ. ನೂಲನ್ನೂ ಕೇಳಿ ತಿಳಿದುಕೊಳ್ಳಿ. ಪೂರ್ತಿ ಹತ್ತಿಯದು, ಪೂರ್ತಿ ರೇಷ್ಮೆಯದು, ಹತ್ತಿಯ ಜೊತೆ ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಸೇರಿದ್ದು ಎಲ್ಲವೂ ಇವೆ. ಆರ್ಟ್ ಸಿಲ್ಕಿಗೆ ಇಲ್ಲಿ ಚಮಕಾ ಅನ್ನುತ್ತಾರೆ. ಹೊಳಪು ಜಾಸ್ತಿ ಇದ್ದ ಮಾತ್ರಕ್ಕೆ ರೇಷ್ಮೆ ಅಂದುಕೊಳ್ಳಬೇಡಿ.

ಸರಿ, ಸೀರೆ ಕಡಿಮೆಗೆ ಸಿಗುತ್ತಾ?

ಮಗ್ಗದ ಮನೆಯಲ್ಲಿ ನಡುವಿನವರ ಲಾಭ ಇರುವುದಿಲ್ಲ, ಅಷ್ಟರ ಮಟ್ಟಿಗೆ ಹೌದು. ಆದರೆ ತುಂಬ ಮನೆಗಳಲ್ಲಿ ನೇಯುತ್ತಿರುವ ಸೀರೆ ಅವರದ್ದಲ್ಲ. ಸಾಹುಕಾರರೋ ಸೊಸೈಟಿಯೋ ನೂಲು ಕೊಟ್ಟಿರುತ್ತಾರೆ, ಇವರಿಗೆ ಸಿಗುವುದು ಮಜೂರಿ. ಆ ಸೀರೆಯನ್ನು ನಿಮಗೆ ಮಾರಲು ಬರುವುದಿಲ್ಲ. ಮಾರಲು ಬರುವ ಮನೆಗೆ ನಾವೇ ಕರೆದುಕೊಂಡು ಹೋಗುತ್ತೇವೆ. ಅಲ್ಲಿ ನಮಗೆ ಕಮಿಷನ್ ಇಲ್ಲ.

ಚೌಕಾಶಿ ಬೇಡ ಅಂತ ಕೇಳಿಕೊಳ್ಳುತ್ತೇವೆ. ಹಾಸು ಹಾಕುವುದರಿಂದ ಹಿಡಿದು ಕೈಗೆ ಬರುವ ತನಕ ಒಂದು ಸೀರೆಗೆ ಮೂರ್ನಾಲ್ಕು ದಿನದಿಂದ ಒಂದು ವಾರ ಹಿಡಿಯುತ್ತದೆ, ಅದೂ ಒಬ್ಬರ ಕೆಲಸ ಅಲ್ಲ. ಲಾಳಿಯ ಕಂಡಿಕೆಗೆ ನೂಲು ಸುತ್ತುವ ಅಜ್ಜಿಗೆ, ಎಳೆ ಜೋಡಿಸುವ ಸೊಸೆಗೆ ಯಾರೂ ಬೇರೆ ಕೂಲಿ ಕೊಡುವುದಿಲ್ಲ. ಬೆಲೆ ಜಾಸ್ತಿ ಅನ್ನಿಸಿದರೆ ಕೊಳ್ಳಬೇಡಿ. ಯಾರೂ ಮುಖ ಸಿಂಡರಿಸುವುದಿಲ್ಲ, ಚಹಾ ಅಂತೂ ಸಿಕ್ಕೇ ಸಿಗುತ್ತದೆ.

ಸೀರೆಯ ಡಿಸೈನ್ ಗುಡಿಯ ಕೆತ್ತನೆಯಿಂದ ಬಂದದ್ದಂತೆ, ನಿಜವಾ?

ಹಾಗೆ ಹೇಳಿಬಿಟ್ಟರೆ ಕೇಳಲು ಚೆನ್ನಾಗಿರುತ್ತದೆ. ನಾವು ಹೇಳುವುದಿಲ್ಲ. ಚಾಲುಕ್ಯರಿಗೂ ಇವತ್ತಿನ ಮಗ್ಗಕ್ಕೂ ನಡುವೆ ಸಾವಿರಕ್ಕೂ ಹೆಚ್ಚು ವರ್ಷ ಇದೆ. ಕಸೂತಿಯಲ್ಲಿ ಗೋಪುರ, ತೇರು, ನಂದಿ, ಆನೆ, ತುಳಸಿಕಟ್ಟೆ ಬರುತ್ತವೆ. ಅವು ಗುಡಿ, ಜಾತ್ರೆ, ಅಂಗಳ ನೋಡಿ ಬೆಳೆದ ಹೆಣ್ಣುಮಕ್ಕಳ ಕಣ್ಣಿನಿಂದ ಬಂದವು ಅನ್ನುವುದರಲ್ಲಿ ಅನುಮಾನ ಇಲ್ಲ. ಅದರಾಚೆಗೆ ಈ ಕಂಬದ ಹೂವೇ ಆ ದಡಿಯ ಹೂವು ಅನ್ನುವುದು ಊಹೆ.

ಆದರೆ ಪಟ್ಟದಕಲ್ಲಿನಲ್ಲಿ ಒಂದು ವಿಷಯ ನನಗೆ ಪ್ರತಿ ಸಲ ಹೊಳೆಯುತ್ತದೆ. ವಿರೂಪಾಕ್ಷ ಗುಡಿ ಕಟ್ಟಿಸಿದ್ದು ರಾಣಿ ಲೋಕಮಹಾದೇವಿ. ಗಂಡ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದದ್ದರ ನೆನಪಿಗೆ, ಎಂಟನೇ ಶತಮಾನದಲ್ಲಿ. ಕಟ್ಟಿದವನ ಹೆಸರೂ ಶಾಸನದಲ್ಲಿದೆ: ಅನಿವಾರಿತಾಚಾರಿ ಗುಂಡ. ಅವನಿಗೆ ತ್ರಿಭುವನಾಚಾರಿ ಅನ್ನುವ ಬಿರುದೂ ಸಿಕ್ಕಿತು. ಕಲ್ಲು ಕಡಿದವನ ಹೆಸರು ಇವತ್ತಿಗೂ ಇದೆ. ಹಿಂದಿನ ದಿನ ಇಳಕಲ್ಲಿನಲ್ಲಿ ನೀವು ಕೊಂಡ ಸೀರೆಯ ಮೇಲೆ ನೇಯ್ದವರ ಹೆಸರು ಇರುವುದಿಲ್ಲ. ಹಾಗಾಗಿ ಬಿಲ್ಲಿನ ಹಿಂದೆ ಅವರ ಕೈಯಲ್ಲೇ ಹೆಸರು ಬರೆಸಿಕೊಳ್ಳಿ ಅಂತ ನಾವು ಹೇಳುತ್ತೇವೆ. ಕೆಲವರು ನಾಚಿಕೊಳ್ಳುತ್ತಾರೆ, ಆದರೂ ಬರೆಯುತ್ತಾರೆ.

ಐಹೊಳೆಯಲ್ಲಿ ನೂರಾರು ಗುಡಿ. ಎಲ್ಲ ನೋಡುತ್ತೇವಾ?

ಇಲ್ಲ. ದುರ್ಗ ಗುಡಿ, ಲಾಡಖಾನ್ ಗುಡಿ, ರಾವಣಫಡಿ, ಕಾಲಲ್ಲಿ ಶಕ್ತಿ ಇದ್ದವರಿಗೆ ಗುಡ್ಡದ ಮೇಲಿನ ಮೇಗುತಿ. ದುರ್ಗ ಗುಡಿಯ ಹೊರಗೋಡೆಯ ಸುತ್ತ ಕಲ್ಲಿನ ಜಾಲಂಧ್ರಗಳಿವೆ, ಅಂದರೆ ಜಾಲರಿ ಕಿಟಕಿಗಳು, ಒಂದರ ಹಾಗೆ ಇನ್ನೊಂದಿಲ್ಲ. ಅವನ್ನು ಚೌಕುಳಿ ಹಾಳೆಯ ಮೇಲೆ ಬಿಡಿಸಲು ಅರ್ಧ ತಾಸು ಕೊಡುತ್ತೇವೆ. ಅಂದ ಹಾಗೆ ಇದು ದುರ್ಗೆಯ ಗುಡಿ ಅಲ್ಲ, ಹತ್ತಿರದ ದುರ್ಗದಿಂದ, ಅಂದರೆ ಕೋಟೆಯಿಂದ ಬಂದ ಹೆಸರು. ಮೇಗುತಿಯಲ್ಲಿ ಕವಿ ರವಿಕೀರ್ತಿಯ ಶಾಸನ ಇದೆ, ಕ್ರಿ.ಶ. 634ರದು. ಕಾಳಿದಾಸ, ಭಾರವಿಯ ಹೆಸರು ಅದರಲ್ಲಿ ಬರುತ್ತದೆ.

ಕಸೂತಿ ಕಲಿಸುತ್ತೀರಾ? ನಾನು ಸೂಜಿ ಹಿಡಿದವನೇ ಅಲ್ಲ.

ಒಂದು ಮಧ್ಯಾಹ್ನದಲ್ಲಿ ಕಸೂತಿ ಬರುವುದಿಲ್ಲ. ಒಂದು ಹೊಲಿಗೆ ಬರುತ್ತದೆ. ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಅಂತ ನಾಲ್ಕು ಇವೆ. ನಾವು ಗವಂತಿಯಿಂದ ಶುರು ಮಾಡುತ್ತೇವೆ. ಹೋಗುವಾಗ ಒಂದು ಬಿಟ್ಟು ಒಂದು ಹಾಕುತ್ತಾ ಹೋಗಬೇಕು, ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರಬೇಕು. ಶುರು ಮಾಡಿದ ಜಾಗಕ್ಕೇ ಬಂದು ಮುಗಿಯಬೇಕು. ಗಂಟು ಹಾಕುವ ಹಾಗಿಲ್ಲ. ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಳ್ಳುವ ಹಾಗೂ ಇಲ್ಲ, ಎಳೆ ಎಣಿಸಿಯೇ ಹಾಕಬೇಕು. ಸರಿಯಾಗಿ ಬಂದರೆ ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣುತ್ತದೆ.

ಎಣಿಕೆ ತಪ್ಪದೇ ಇರುವುದಿಲ್ಲ. ಹೇಳಿಕೊಡುವ ಅಕ್ಕ ನಿಮ್ಮ ಬಟ್ಟೆ ಇಸಕೊಂಡು, ಮೊದಲು ತಿರುವಿ ಹಿಂದುಗಡೆ ನೋಡುತ್ತಾರೆ. ಎಲ್ಲಿ ತಪ್ಪಿತು ಅನ್ನುವುದು ಅಲ್ಲೇ ಗೊತ್ತಾಗುವುದು. ಎಳೆ ಎಣಿಸಲು ಸುಲಭ ಆಗಲಿ ಅಂತ ಮ್ಯಾಟಿ ಬಟ್ಟೆ ಕೊಡುತ್ತೇವೆ. ಗಂಡಸರು ಬೇಡ ಅಂದವರು ಯಾರು? ಕಳೆದ ಸಲದ ಗುಂಪಿನಲ್ಲಿ ಎಲ್ಲರಿಗಿಂತ ಮೊದಲು ಮುಗಿಸಿದ್ದು ರಿಟೈರ್ ಆದ ಗಣಿತದ ಮೇಷ್ಟ್ರು.

ಯಾವಾಗ ಬಂದರೆ ಒಳ್ಳೆಯದು?

ನವೆಂಬರಿನಿಂದ ಫೆಬ್ರವರಿ. ಏಪ್ರಿಲ್, ಮೇನಲ್ಲಿ ನಾವು ನಡೆಸುವುದಿಲ್ಲ, ಆ ಬಂಡೆಗಳು ಕಾದ ಹೆಂಚಾಗಿರುತ್ತವೆ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ, ಸಾಮಾನ್ಯವಾಗಿ ಜನವರಿಯಲ್ಲಿ ಬರುತ್ತದೆ. ಆಗ ನಾಟಕ ಕಂಪನಿಗಳ ತಂಬು ಏಳುತ್ತವೆ, ಕೆತ್ತನೆ ಮಾಡಿದ ಬಾಗಿಲು, ಚೌಕಟ್ಟುಗಳು ಮಾರಾಟಕ್ಕೆ ಬರುತ್ತವೆ. ಮರಗೆಲಸದಲ್ಲಿ ಆಸಕ್ತಿ ಇದ್ದವರು ಜಾತ್ರೆಯ ಹೊತ್ತಿಗೇ ಬನ್ನಿ. ರೂಮು ಮಾತ್ರ ಬಹಳ ಮೊದಲೇ ಹೇಳಬೇಕು, ಗದ್ದಲವನ್ನೂ ಸಹಿಸಬೇಕು. ಅಮಾವಾಸ್ಯೆಯ ದಿನ ಬೇಡ, ನಾವು ಹೋಗುವ ಮನೆಗಳಲ್ಲಿ ಅವತ್ತು ಮಗ್ಗ ಮುಟ್ಟುವುದಿಲ್ಲ.

ವಯಸ್ಸಾದವರು, ಮಕ್ಕಳು ಬರಬಹುದಾ?

ಬರಬಹುದು. ಬಾದಾಮಿ ಗುಹೆಗೆ ಮೆಟ್ಟಿಲು ಬಹಳ, ಮಂಡಿ ನೋವಿದ್ದವರು ಮೊದಲ ಗುಹೆಗೆ ನಿಲ್ಲಬಹುದು. ಪಟ್ಟದಕಲ್ಲು ಸಮತಟ್ಟು, ಅಲ್ಲಿ ಯಾರಿಗೂ ತೊಂದರೆ ಇಲ್ಲ. ಹತ್ತು ವರ್ಷದ ಕೆಳಗಿನ ಮಕ್ಕಳಿಗೆ ಎರಡನೇ ದಿನ ಬೇಸರ ಬರುತ್ತದೆ, ಸುಳ್ಳು ಹೇಳುವುದಿಲ್ಲ. ಗುಹೆಯ ಹತ್ತಿರ ಕೈಯಲ್ಲಿ ತಿಂಡಿ ಪೊಟ್ಟಣ ಬೇಡ. ಮಂಗಗಳು ಕಸಿದುಕೊಂಡೇ ಹೋಗುತ್ತವೆ.

ಊಟ, ವಸತಿ?

ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಬನಶಂಕರಿ ಗುಡಿಯ ಹತ್ತಿರ ಬುಟ್ಟಿ ಹೊತ್ತು ಬರುವ ಅಜ್ಜಿಯರ ರೊಟ್ಟಿ ಮೊಸರು ಒಂದು ಹೊತ್ತಿಗೆ ಇದ್ದೇ ಇರುತ್ತದೆ. ಅಮೀನಗಡದಲ್ಲಿ ಕರದಂಟಿಗೆ ಗಾಡಿ ನಿಲ್ಲಿಸದೆ ಮುಂದೆ ಹೋದ ದಾಖಲೆ ನಮ್ಮಲ್ಲಿ ಇಲ್ಲ. ಖಾರ ಕಡಿಮೆ ಬೇಕಿದ್ದರೆ ಮೊದಲೇ ಹೇಳಿ. ಊಟ ಎಲ್ಲ ಸಸ್ಯಾಹಾರ.

ತೋಟದ ಮನೆಯಲ್ಲಿ ಹಾಸಿಗೆ ಶುಚಿ, ಬಿಸಿನೀರು ಒಲೆಯದು, ಎಸಿ ಇಲ್ಲ. ಹೊದೆಯಲು ಕೌದಿ ಕೊಡುತ್ತೇವೆ, ಹಳೆ ಸೀರೆ ತುಂಡುಗಳನ್ನು ಪದರ ಪದರ ಸೇರಿಸಿ ಕೈಯಲ್ಲೇ ಹೊಲಿದದ್ದು. ಬೆಳಕಿನಲ್ಲಿ ಅದನ್ನೂ ಒಂದು ಸಲ ಬಿಡಿಸಿ ನೋಡಿ. ಯಾವ ತುಂಡಿನ ಪಕ್ಕ ಯಾವ ಬಣ್ಣ ಇಟ್ಟಿದ್ದಾರೆ ಅನ್ನುವುದರಲ್ಲಿ ದೊಡ್ಡ ತಲೆ ಓಡಿದೆ.

ಫೋಟೊ ತೆಗೆಯಬಹುದಾ?

ಮಗ್ಗದ ಮನೆಯಲ್ಲಿ ಕೇಳಿ ತೆಗೆಯಿರಿ. ಫ್ಲ್ಯಾಶ್ ಬೇಡ. ನೇಯುವವರನ್ನು ನಿಲ್ಲಿಸಿ ಪೋಸು ಕೊಡಿಸಬೇಡಿ, ಅವರದ್ದು ದಿನದ ಕೂಲಿ.

ಬರುವುದು ಹೇಗೆ?

ಬಾದಾಮಿಗೆ ರೈಲು ಇದೆ, ಹುಬ್ಬಳ್ಳಿ–ಸೊಲ್ಲಾಪುರ ದಾರಿಯಲ್ಲಿ. ಸ್ಟೇಶನ್ ಊರಿಂದ ಸುಮಾರು 5 ಕಿ.ಮೀ. ದೂರ, ಅಲ್ಲಿಂದ ನಾವು ಕರೆದುಕೊಂಡು ಬರುತ್ತೇವೆ. ವಿಮಾನದಲ್ಲಿ ಬರುವವರು ಹುಬ್ಬಳ್ಳಿಗೆ ಇಳಿಯಿರಿ, ಅಲ್ಲಿಂದ ನೂರು ಕಿಲೋಮೀಟರಿನ ಮೇಲೆ ಸ್ವಲ್ಪ.

ಗುಂಪಿನಲ್ಲಿ ಎಷ್ಟು ಜನ?

ಎಂಟು. ಹತ್ತು ಮಾಡಿ ಅಂತ ತುಂಬ ಜನ ಕೇಳಿದ್ದಾರೆ. ಆಗುವುದಿಲ್ಲ. ಮಗ್ಗದ ಕೋಣೆಯಲ್ಲಿ ಮಗ್ಗ, ನೇಯುವವರು, ಅವರ ರೇಡಿಯೊ ಬಿಟ್ಟರೆ ಗೋಡೆಗೆ ಒತ್ತಿಕೊಂಡು ನಾಲ್ಕು ಜನ ನಿಲ್ಲಬಹುದು. ಎಂಟು ಜನ ಅಂದರೆ ಎರಡು ಪಾಳಿ.

ಮಗ್ಗದ ಮೇಲೆ ನಾನೂ ಕೂರಬಹುದಾ?

ಒಂದು ಮನೆಯಲ್ಲಿ ಬರೀ ಕಲಿಯುವವರಿಗೆ ಅಂತ ಹಳೆ ಕುಣಿಮಗ್ಗ ಇಟ್ಟಿದ್ದಾರೆ, ಅದರ ಮೇಲೆ ಧಾರಾಳವಾಗಿ ಕೂರಿ. ಕುಣಿಯೊಳಗೆ ಕಾಲು ಇಳಿಬಿಟ್ಟು ನೆಲಕ್ಕೇ ಕೂರಬೇಕು. ಬಲಗಾಲು ಒತ್ತಿದಾಗ ಎಳೆಗಳು ಬಾಯಿ ಬಿಡುತ್ತವೆ, ಲಾಳಿ ಹೊಡೆಯಬೇಕು, ಹಣಿಗೆ ಎಳೆದು ಬಡಿಯಬೇಕು, ಆಮೇಲೆ ಎಡಗಾಲು. ಕೈ ಕಾಲು ಕೂಡಿ ಬರಲು ಹತ್ತು ನಿಮಿಷ ಬೇಕು. ಮೊದಲ ಹೊಡೆತಕ್ಕೆ ಲಾಳಿ ಆಚೆ ಹೋಗಿ ಬೀಳುತ್ತದೆ. ಎದುರು ಕೂತ ಅಜ್ಜ ಅದನ್ನು ಎತ್ತಿ ಕೊಡುತ್ತಾರೆ, "ಹಗೂರಕ ಹೊಡೀರಿ, ಅದು ಎಲ್ಲೂ ಓಡಿ ಹೋಗಂಗಿಲ್ಲ" ಅನ್ನುತ್ತಾರೆ. ನೀವು ನೇಯ್ದ ಗೇಣುದ್ದದ ಬಟ್ಟೆಯನ್ನು ಕತ್ತರಿಸಿ ನಿಮಗೇ ಕೊಡುತ್ತಾರೆ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಇರುತ್ತದೆ. ಅದಕ್ಕೆ ದುಡ್ಡು ಇಲ್ಲ.